ಮೂಲೆ ಹರಿದ ಲಗ್ನಪತ್ರಿಕೆ

ನನ್ನ ಭಾವನವರನ್ನು ಹೋಟೆಲಿಗೆ ಕರೆದೊಯ್ದು, ಬಿಸಿಯಾದದ್ದನ್ನು ಬಿಸಿಯಾಗಿರುವಾಗಲೇ ಉಂಡು ಬಂದವರು ಈ ಭೂಮಂಡಲದಲ್ಲಿ ಒಬ್ಬರಾದರೂ ಇದ್ದರೆ, ಅವರ ಪಾದತೀರ್ಥವನ್ನು ಸ್ವೀಕರಿಸಲು ನಾನು ಸಿದ್ಧನಿದ್ದೇನೆ! ಭಾವನವರೆಂದರೆ ನನ್ನ ಧರ್ಮಪತ್ನಿಯ ಅಣ್ಣ. ಸದಲಗಾದಲ್ಲಿ ವಾಸ. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ನಿವೃತ್ತರಾದದ್ದು ಸರಕಾರದ ಕಾಗದದಲ್ಲಿ ಮಾತ್ರ. ಅವರ ಎದೆಯ ಕಿಸೆಯಲ್ಲಿರುವ ಕೆಂಪು ಪೆನ್ನಿಗೆ ಆ ಆದೇಶ ಇನ್ನೂ ತಲುಪಿಲ್ಲ.

ಹೋಟೆಲಿನಲ್ಲಿ ತಿಂಡಿಯ ಪಟ್ಟಿ ಮೇಜಿನ ಮೇಲೆ ಬಿದ್ದೊಡನೆ ಆ ಪೆನ್ನು ಹೊರಬರುತ್ತದೆ. ಉಳಿದವರ ಹಸಿವು, ಅವರ ಸ್ವಂತ ಹಸಿವು, ಎರಡೂ ಆ ಕ್ಷಣದಿಂದ ಮಿಥ್ಯೆ. ಒಮ್ಮೆ ನಿಪ್ಪಾಣಿಯ ಒಂದು ಉಪಾಹಾರ ಗೃಹದಲ್ಲಿ ಮಾಲಕನೇ ಬಂದು ಕೈಮುಗಿದು ನಿಂತ.

"ಏನ ಕೊಡ್ಲಿ ಸರ್?"

"ಕೊಡೂದ ಇರಲಿ, ಮೊದಲ ತಗೀರಿ. ನಿಮ್ಮ ಮಸಾಲಾ ದೋಸಾದಾಗ ಒಂದ 'ಎ' ಹೆಚ್ಚಾಗೈತಿ."

ಮಾಲಕ ಪಟ್ಟಿಯನ್ನು ಭಕ್ತಿಯಿಂದ ನೋಡಿದ. "ಸರ್, ಉಪ್ಪ ಹೆಚ್ಚಾದ್ರ ಹೇಳ್ರಿ, ಬ್ಯಾರೆ ದೋಸಾ ಕೊಡ್ತೇನಿ. 'ಎ' ಹೆಚ್ಚಾಗಿದ್ರ ಪುಕಟ ಅಂತ ತಿಳಕೊಂಡ ತಿಂದಬಿಡ್ರಿ!"

ಭಾವನವರು ತಿನ್ನಲಿಲ್ಲ. ನಾನು ತಿಂದೆ. ತಣ್ಣಗಾಗಿತ್ತು.

ನನ್ನ ವಿಷಯವನ್ನೂ ಇಲ್ಲಿ ಹೇಳಿಬಿಡುವುದು ಒಳ್ಳೆಯದು. ನಾನು ಪಾಠಶಾಲೆಯಲ್ಲಿ ಸಂಸ್ಕೃತ ಓದಿ, ಚಿಕ್ಕೋಡಿಯಲ್ಲಿ ಅದನ್ನೇ ಕಲಿಸುತ್ತ ಮುದುಕನಾದವನು. ಇಂಗ್ಲಿಷಿನಲ್ಲಿ ನನಗೆ ಬರುವುದು ನನ್ನ ಸಹಿಯೊಂದೇ. ಅದನ್ನೂ ಭಾವನವರು ಒಮ್ಮೆ ತಿದ್ದಿದರು. ಬ್ಯಾಂಕಿನವರು ಆ ಶುದ್ಧವಾದ ಸಹಿಯನ್ನು ಒಪ್ಪದ ಕಾರಣ, ನಾನು ನಾನೇ ಎಂದು ಸಾಧಿಸಲು ಮೂರು ಸಲ ಹೋಗಬೇಕಾಯಿತು! ಆದರೂ ಅವರ ಸಂಕಟ ನನಗೆ ತಿಳಿಯುತ್ತದೆ. ನಮ್ಮ ಗುರುಗಳು ಒಂದು ಹ್ರಸ್ವ ದೀರ್ಘವಾದರೆ ಕಿವಿ ಹಿಂಡುತ್ತಿದ್ದರು. ಈಗಲೂ ಯಾರಾದರೂ ಮಂತ್ರವನ್ನು ತಪ್ಪಾಗಿ ಹೇಳಿದರೆ ನನ್ನ ಎಡಗಿವಿ ತಾನಾಗಿಯೇ ಬಿಸಿಯಾಗುತ್ತದೆ. ನಾಲ್ಕು ಮದುವೆ, ಎರಡು ಗೃಹಪ್ರವೇಶಗಳಲ್ಲಿ ಪುರೋಹಿತರನ್ನು ನಡುವೆಯೇ ತಡೆದ ಪಾಪ ನನ್ನ ಮೇಲಿದೆ. ಅಕ್ಷರವೆಂದರೆ ನಾಶವಿಲ್ಲದ್ದು ಎಂದು ಹಿರಿಯರು ಹೇಳಿದರು. ಅವರು ಪುಣ್ಯವಂತರು, ನಮ್ಮ ಬಸ್‌ಸ್ಟ್ಯಾಂಡಿನ ಫಲಕಗಳನ್ನು ನೋಡುವ ಮೊದಲೇ ಹೋದರು.

ಕಬ್ಬು ಕಡಿಯುವ ಕಾಲದಲ್ಲಿ ಭಾವನವರೊಂದಿಗೆ ಪ್ರಯಾಣ ಮಾಡುವುದೆಂದರೆ ಒಂದು ವ್ರತ. ಕಾರ್ಖಾನೆಯ ಕಡೆಗೆ ಟ್ರ್ಯಾಕ್ಟರುಗಳು ಸಾಲುಗಟ್ಟಿ ಹೋಗುತ್ತವೆ. ಪ್ರತಿಯೊಂದು ಟ್ರಾಲಿಯ ಹಿಂದೆಯೂ ಹಾರ್ನ್ ಹೊಡೆಯಲು ಒಂದು ಇಂಗ್ಲಿಷ್ ವಿನಂತಿ. ಆ ವಿನಂತಿಯನ್ನು ಇಬ್ಬರು ಒಂದೇ ರೀತಿ ಬರೆದ ಉದಾಹರಣೆಯನ್ನು ನಾನಂತೂ ಕೇಳಿಲ್ಲ. ಕಬ್ಬೂರಿನ ಹತ್ತಿರ ಒಮ್ಮೆ ಭಾವನವರು ನಮ್ಮ ಗಾಡಿಯನ್ನು ಮುಂದೆ ಓಡಿಸಲು ಹೇಳಿ, ಟ್ರ್ಯಾಕ್ಟರಿಗೆ ಅಡ್ಡ ನಿಲ್ಲಿಸಿ, ಇಳಿದೇಬಿಟ್ಟರು.

"ಏ ತಮ್ಮಾ, ಇಳಿ ಕೆಳಗ. ಹಿಂದ ಏನ ಬರದೀ ನೋಡ ಬಾ. ಮೂರ ಶಬ್ದ, ನಾಕ ತಪ್ಪ! ಇದನ್ನ ದಿನಾ ನೋಡಿದ್ರೂ ನಿನಗ ಏನೂ ಅನಸೂದಿಲ್ಲೇನ?"

ಡ್ರೈವರ್ ಇಳಿಯಲಿಲ್ಲ. ಬಾಯಲ್ಲಿದ್ದ ಕಬ್ಬಿನ ಸಿಪ್ಪೆ ಉಗುಳಿ ಶಾಂತವಾಗಿ ನುಡಿದ: "ನಾ ಎಂದೂ ನೋಡಿಲ್ರಿ ಮಾಸ್ತರ. ನಾ ಮುಂದ ಕುಂದರ್ತೇನಿ!"

ವೇದಾಂತದಲ್ಲಿಯೂ ಇಂತಹ ಉತ್ತರ ಅಪರೂಪ.

ಟ್ರ್ಯಾಕ್ಟರಿನವನನ್ನಾದರೂ ಕ್ಷಮಿಸಬಹುದು, ಅವನು ಸಕ್ಕರೆಗೆ ಮಾತ್ರ ಬದ್ಧನು. ಇಂಗ್ಲಿಷನ್ನೇ ಮಾರಾಟಕ್ಕಿಟ್ಟವರನ್ನು ಏನು ಮಾಡಬೇಕು? ಈಗ ನಮ್ಮ ತಾಲೂಕುಗಳಲ್ಲಿ ಓಣಿಗೊಂದು ಇಂಗ್ಲಿಷ್ ಮಾಧ್ಯಮದ ಶಾಲೆ. ಮಗುವಿನ ಕೊರಳಿಗೆ ಟೈ ಬಿಗಿದರೆ ನಾಲಿಗೆ ತಾನೇ ಸಡಿಲವಾಗುತ್ತದೆಂದು ತಂದೆ-ತಾಯಿಗಳ ನಂಬಿಕೆ. ಅಂತಹ ಒಂದು ಶಾಲೆಯ ಹೆಬ್ಬಾಗಿಲಿನ ಫಲಕದಲ್ಲಿ, 'ಇಂಗ್ಲಿಷ್' ಎಂಬ ಶಬ್ದದಲ್ಲಿಯೇ ಒಂದು ಅಕ್ಷರ ಸ್ಥಳಾಂತರವಾಗಿತ್ತಂತೆ. ಭಾವನವರು ಮುಖ್ಯಾಧ್ಯಾಪಕರನ್ನು ಕಂಡು ವಿನಯದಿಂದಲೇ ತಿಳಿಸಿದರು.

"ನಾಕ ವರ್ಷದಿಂದ ಐತ್ರಿ ಆ ಬೋರ್ಡ್," ಎಂದರು ಮುಖ್ಯಾಧ್ಯಾಪಕರು. "ಇನ್ನೂತನಾ ಒಬ್ಬ ಪಾಲಕರೂ ಕಂಪ್ಲೇಂಟ್ ಮಾಡಿಲ್ಲ."

"ಅದ ನನ್ನ ಕಂಪ್ಲೇಂಟ್!" ಎಂದು ಕೂಗಿ ಭಾವನವರು ಎದ್ದು ಬಂದರು.

ಇಷ್ಟಕ್ಕೇ ನಿಂತಿದ್ದರೆ ಬದುಕು ಸಾಗುತ್ತಿತ್ತು. ಆದರೆ ಒಂದು ಬೆಳಿಗ್ಗೆ ಊರಿನ ಒಬ್ಬ ಪುಢಾರಿಯ ಹುಟ್ಟುಹಬ್ಬದ ಫ್ಲೆಕ್ಸು ಚೌಕದಲ್ಲಿ ಎದ್ದು ನಿಂತಿತು. ಆಳೆತ್ತರದ ಮುಖ, ಕಪ್ಪು ಕನ್ನಡಕ, ಕೆಳಗೆ ಇಂಗ್ಲಿಷಿನಲ್ಲಿ ಶುಭಾಶಯ. ಶುಭ ಸರಿಯಾಗಿತ್ತಂತೆ, ಆಶಯದಲ್ಲಿ ಎರಡು ಅಕ್ಷರ ಇರಲಿಲ್ಲವಂತೆ. ಭಾವನವರು ಪಕ್ಕದ ಅಂಗಡಿಯಿಂದ ಏಣಿ ಇಸಿದುಕೊಂಡು, ಕೆಂಪು ಬಣ್ಣದ ಡಬ್ಬಿ ಹಿಡಿದು ಹತ್ತಿದರು. ಕೆಳಗಿನಿಂದ ನೋಡಿದವರಿಗೆ, ಸಾಹೇಬರ ಮುಖಕ್ಕೆ ಯಾರೋ ಬಣ್ಣ ಬಳಿಯುತ್ತಿದ್ದಾರೆಂದು ಕಂಡದ್ದರಲ್ಲಿ ಆಶ್ಚರ್ಯವೇನು? ಐದು ನಿಮಿಷದಲ್ಲಿ ಐವತ್ತು ಜನ ಕೂಡಿದರು. ಏಣಿ ಅಲುಗತೊಡಗಿತು. ಅಷ್ಟರಲ್ಲಿ ಪುಢಾರಿಯೇ ಗಾಡಿಯಿಂದಿಳಿದು, ಜನರನ್ನು ಸರಿಸಿ, ಮೇಲೆ ನೋಡಿ ಕೈಮುಗಿದ.

"ಗುರುಗಳ, ಇಳೀರಿ. ಸಾಲ್ಯಾಗ ನಿಮ್ಮ ಕೈಯಾಗ ಇಂಗ್ಲೀಷಿನ್ಯಾಗ ಮೂರ ಸರ್ತಿ ನಪಾಸ ಆಗೇನಿ. ನಾಕನೇ ಸರ್ತಿ ಚೌಕದಾಗ ಮಾಡಬ್ಯಾಡ್ರಿ!"

ಭಾವನವರು ಇಳಿದರು. ಒಂದು ಅಕ್ಷರವನ್ನು ಮಾತ್ರ ತಿದ್ದಿ ಮುಗಿಸಿದ ಮೇಲೆ.

ಇನ್ನು ಮೊಬೈಲಿನ ಕಥೆ. ನಮ್ಮ ಮನೆತನದ ಒಂದು ವಾಟ್ಸಾಪ್ ಗುಂಪಿದೆ. ಬೆಳಗಿನ ಶುಭೋದಯದಲ್ಲಿ ಯಾರೇ ಅಕ್ಷರ ನುಂಗಲಿ, ಮಧ್ಯಾಹ್ನದೊಳಗೆ ತಿದ್ದಿದ ಪ್ರತಿ, ಕೆಳಗೆ ಅಂಕ. ಒಬ್ಬ ತರುಣ 'ಸರಿ' ಎಂಬರ್ಥದ ಎರಡಕ್ಷರದ ಇಂಗ್ಲಿಷ್ ಶಬ್ದವನ್ನು ಒಂದೇ ಅಕ್ಷರದಲ್ಲಿ ಮುಗಿಸಿದ. ಭಾವನವರು ಕೇಳಿದರು: "ಉಳಿದ ಒಂದಕ್ಷರ ಬರಿಯಾಕ ಆಳ ಹಚ್ಚಲ್ಯಾ?" ಅಥಣಿಯ ಅತ್ತೆ ತೀರಿಕೊಂಡಾಗ, ಅವರ ಮೊಮ್ಮಗ ಅಳುತ್ತಲೇ ಇಂಗ್ಲಿಷಿನಲ್ಲಿ ಸುದ್ದಿ ಬರೆದ. ಭಾವನವರು ಮೊದಲು ಮೂರು ತಪ್ಪುಗಳನ್ನು ತಿದ್ದಿ ಕಳಿಸಿದರು. ಓಂ ಶಾಂತಿ ಆಮೇಲೆ ಬಂತು. ಸತ್ತವರ ಮನೆಯಲ್ಲಿ ಅಳು ಒಂದು ಗಳಿಗೆ ನಿಂತಿತೆಂದು ಕೇಳಿದ್ದೇನೆ.

ಅವರ ತಿದ್ದುವ ಪದ್ಧತಿಯನ್ನು ಹೇಳದೆ ಮುಂದಿನದು ತಿಳಿಯುವುದಿಲ್ಲ. ಕಾಗದ ಕೈಗೆ ಬಂದೊಡನೆ, ಓದುವ ಮೊದಲೇ, ಬಲಗಡೆಯ ಮೇಲಿನ ಮೂಲೆಯನ್ನು ಹರಿಯುತ್ತಾರೆ. ಹರಿದ ಚೂರಿಗೂ ಕಾಗದಕ್ಕೂ ಒಂದೇ ಸಂಖ್ಯೆ ಬರೆದು, ಚೂರನ್ನು ಹಳೆಯ ತಂಬಾಕಿನ ಡಬ್ಬಿಗೆ ಹಾಕುತ್ತಾರೆ. ಆಮೇಲೆ ಪೆನ್ನು. ಇದು ಶಾಲೆಯ ದಿನಗಳಿಂದ ಬಂದ ರೂಢಿ: ಮಕ್ಕಳು ಹೆಸರು ಬರೆಯುತ್ತಿದ್ದುದು ಆ ಮೂಲೆಯಲ್ಲಿ. "ಯಾರ ಪೇಪರ ಅಂತ ಗೊತ್ತಾತಂದ್ರ ಕೈ ನಡಗತೈತ್ರಿ ಶಾಸ್ತ್ರಿಗಳ," ಎಂದು ನನಗೆ ಹೇಳುತ್ತಿದ್ದರು. ಅವರ ಕೈ ನಡುಗಲಿಲ್ಲವೆಂಬುದಕ್ಕೆ ನನ್ನ ಹೆಂಡತಿಯೇ ಸಾಕ್ಷಿ. ಹತ್ತನೆಯ ಇಯತ್ತೆಯಲ್ಲಿ ಅಣ್ಣನ ತರಗತಿಯಲ್ಲಿಯೇ ಕುಳಿತು, ಪೂರ್ವಪರೀಕ್ಷೆಯಲ್ಲಿ ಒಂದೇ ಅಂಕದಿಂದ ನಪಾಸಾದವಳು ಅವಳು. ಡಬ್ಬಿಯ ಚೂರನ್ನು ಹೊಂದಿಸಿ ನೋಡಿದಾಗ ತಂಗಿಯ ಹೆಸರು ಬಂತು. ಆ ಒಂದು ಅಂಕ ಅವರು ಕೊಡಲಿಲ್ಲ. ಅವಳು ಅಂದಿನಿಂದ ಇಂದಿನವರೆಗೆ ಇಂಗ್ಲಿಷಿನ ತಂಟೆಗೆ ಹೋಗಲಿಲ್ಲ.

ಮೊಬೈಲು ಬರುವ ಮೊದಲು ನಮ್ಮ ಕಡೆ ಮೂಲೆ ಹರಿದ ಕಾಗದಕ್ಕೆ ಬೇರೊಂದು ಅರ್ಥವಿತ್ತು. ಸಾವಿನ ಸುದ್ದಿ ಬರೆದ ಕಾರ್ಡಿನ ಮೂಲೆ ಹರಿದು ಅಂಚೆಗೆ ಹಾಕುತ್ತಿದ್ದರು. ಓದು ಬಾರದವರಿಗೂ ಕೈಗೆ ಬಂದ ಕ್ಷಣವೇ ತಿಳಿಯಲಿ ಎಂದು. ಅದನ್ನು ಹೊಸ್ತಿಲ ಹೊರಗೇ ಓದಿಸಿ, ಹರಿದು ಒಗೆದು, ತಲೆಯ ಮೇಲೆ ನೀರು ಹಾಕಿಕೊಂಡೇ ಒಳಗೆ ಬರುವುದು.

ಹೋದ ವರ್ಷ ನಮ್ಮ ಕೊನೆಯ ಮಗಳ ಲಗ್ನ ನಿಶ್ಚಯವಾಯಿತು. ವರನ ಕಡೆಯವರು ನಿಪ್ಪಾಣಿಯವರು. ಅವರಿಗೆ ಮರಾಠಿ ಬೇಕು, ನಮಗೆ ಕನ್ನಡ, ವರನ ಗೆಳೆಯರಿಗೆ ಇಂಗ್ಲಿಷ್. ಹೀಗಾಗಿ ಪತ್ರಿಕೆ ತ್ರಿವೇಣಿ ಸಂಗಮವಾಯಿತು. ಪ್ರೂಫನ್ನು ಭಾವನವರಿಗೆ ತೋರಿಸಬಹುದಿತ್ತಲ್ಲವೇ ಎಂದು ನೀವು ಕೇಳುತ್ತೀರಿ. ಹಿಂದೆ ದೊಡ್ಡ ಮಗಳ ಲಗ್ನದಲ್ಲಿ ತೋರಿಸಿದ್ದೆವು. ಹನ್ನೆರಡು ದಿನ ಇಟ್ಟುಕೊಂಡರು. ಮುಹೂರ್ತವು ವ್ಯಾಕರಣಕ್ಕಾಗಿ ಕಾಯುವುದಿಲ್ಲ. ಆದ್ದರಿಂದ ಈ ಸಲ ನಾನೇ ಪ್ರೂಫ್ ನೋಡಿದೆ. ಮೇಲೆ 'ಶ್ರೀ' ಇತ್ತು. ಮುದ್ರಿಸಿ ಎಂದೆ.

ಮೊದಲ ಪತ್ರಿಕೆ ಕುಲದೇವರಿಗೆ, ಎರಡನೆಯದು ತವರಿಗೆ. ನನ್ನ ಹೆಂಡತಿ ನಾಲ್ಕೂ ಮೂಲೆಗೆ ಅರಿಷಿಣ ಹಚ್ಚಿ ಸದಲಗಾಕ್ಕೆ ಕಳಿಸಿದಳು. ಮೂರನೆಯ ದಿನ ನಮ್ಮ ಅಂಗಳದಲ್ಲಿ ಓಣಿಯ ಹೆಂಗಸರು ಕುಳಿತು ಹಪ್ಪಳ ಲಟ್ಟಿಸುತ್ತಿದ್ದಾಗ, ಸದಲಗಾದ ಹಾಲಿನ ಗಾಡಿಯವನು ಒಂದು ಲಕೋಟೆ ತಂದುಕೊಟ್ಟ. ಲಕೋಟೆಯ ಮೂಲೆ ಹರಿದಿತ್ತು. ಅದರೊಳಗಿಂದ ಇಣುಕುತ್ತಿದ್ದ ಕಾರ್ಡಿನ ಮೂಲೆಯೂ ಹರಿದಿತ್ತು.

ಓಣಿಯ ಹಿರಿಯಾಕೆಯ ಕೈಯಿಂದ ಲಟ್ಟಣಿಗೆ ಜಾರಿತು. "ಅಯ್ಯ ಯವ್ವಾ, ಮೂಲಿ ಹರದೈತಲ್ಲ! ಸದಲಗಾದಾಗ ಯಾರ ಹ್ವಾದ್ರ?"

ಸದಲಗಾದಲ್ಲಿ ನನ್ನ ಹೆಂಡತಿಗೆ ಇರುವವನು ಅಣ್ಣನೊಬ್ಬನೇ. ಕಾಗದವನ್ನು ಬಿಡಿಸದೆಯೇ ಅವಳು "ಅಣ್ಣಾ!" ಎಂದು ನೆಲಕ್ಕೆ ಕುಳಿತಳು. ಹಿಟ್ಟು ಮೆತ್ತಿದ ಕೈಗಳಿಂದಲೇ ನಾಲ್ಕು ಜನ ಅವಳನ್ನು ಹಿಡಿದರು. ಉಳಿದಿಬ್ಬರು ಎದ್ದುಹೋಗಿ ನೀರು ಸುರಿದುಕೊಂಡೇಬಿಟ್ಟರು. ನಡುವೆ ಹಾಲಿನ ಗಾಡಿಯವನು ದಿಕ್ಕುಗೆಟ್ಟು ನಿಂತಿದ್ದ.

"ಯಾವಾಗ ಹ್ವಾದ್ರಪಾ ಮಾಸ್ತರ?" ಎಂದಳು ಹಿರಿಯಾಕೆ.

"ಎಲ್ಲಿಗಿ ಹೋಗ್ಯಾರಬೇ? ಮುಂಜಾನೆ ಅವರ ಸ್ವತಃ ಕೊಟ್ಟಾರ. ಲಗೂನ ಮುಟ್ಟಸಂದ್ರು."

"ಸತ್ತಾಂವ ಕೈಯಾಗ ಕೊಡ್ತಾನೇನಲೇ?"

ಆಗ ನಾನು ಕಾರ್ಡನ್ನು ಬಿಡಿಸಿದೆ. ಇಂಗ್ಲಿಷಿನ ಭಾಗ ಪೂರ್ತಿ ಕೆಂಪಾಗಿತ್ತು. ಕೆಳಗೆ ವರ್ತುಲದೊಳಗೆ, ಐವತ್ತಕ್ಕೆ ಹದಿನಾಲ್ಕು.

ನನ್ನ ಹೆಂಡತಿ ಕಣ್ಣೊರೆಸಿಕೊಂಡು ಎದ್ದು ನಿಂತಳು. ಅಳುವಾಗ ಅವಳನ್ನು ನೋಡಲು ನನಗೆ ಕಷ್ಟವಾಗಿತ್ತು, ಈಗ ಭಯವಾಯಿತು.

"ಆಂವ ಹ್ವಾದಾ ಅಂತ ಅತ್ತೇನಿ ನಾ. ಓಣಿ ತುಂಬ ಅತ್ತೇನಿ. ನನ್ನ ಕಣ್ಣೀರ ಆಂವ ಹೊಳ್ಳಿ ಕೊಡ್ಲಿ! ಅಂದ ಮೂಲಿ ಹರದ ನನ್ನ ನಪಾಸ ಮಾಡಿದಾ. ಇಂದ ಅರಿಷಿಣ ಹಚ್ಚಿದ ಮೂಲಿ ಹರದ ನನ್ನ ಮಗಳ ಲಗ್ನಾ ನಪಾಸ ಮಾಡ್ಯಾನ. ಆಂವ ನನ್ನ ಮಗಳ ಬೆನ್ನ ಹಿಂದ ನಿಂದರೂದು ಬ್ಯಾಡ!"

ಇದು ಸಣ್ಣ ಮಾತಲ್ಲ. ನಮ್ಮ ಕಡೆ ಮದುಮಗಳ ಕೈಹಿಡಿದು ಮಂಟಪಕ್ಕೆ ಕರೆತರುವವನು ಸೋದರಮಾವ. ಅಂತರಪಟ ಸರಿದು ಅಕ್ಷತೆ ಬೀಳುವ ತನಕ ಅವಳ ಬೆನ್ನ ಹಿಂದೆ ನಿಲ್ಲುವವನೂ ಅವನೇ. ದೂರದ ಸಂಬಂಧಿಕನೊಬ್ಬನನ್ನು ನಿಲ್ಲಿಸೋಣವೆಂದು ಯಾರೋ ಸೂಚಿಸಿದರು. ಮಗಳು ಒಳಗಿನಿಂದಲೇ ಹೇಳಿದಳು: "ಮಾಮಾ ನಿಲ್ಲೂದಿಲ್ಲಂದ್ರ ನಾನೂ ನಿಲ್ಲೂದಿಲ್ಲ." ತಾಯಿ ಒಂದು ಕೋಣೆ ಸೇರಿದಳು, ಮಗಳು ಇನ್ನೊಂದು. ಲಗ್ನಕ್ಕೆ ಎಂಟು ದಿನ ಉಳಿದಿತ್ತು. ನಾನು ಇಷ್ಟದೇವರನ್ನು ನೆನೆದು ಸದಲಗಾದ ಬಸ್ಸು ಹತ್ತಿದೆ.

ಭಾವನವರು ಪಡಸಾಲೆಯಲ್ಲಿ ಪ್ರಸನ್ನವದನರಾಗಿ ಕುಳಿತಿದ್ದರು. "ಬರ್ರಿ ಶಾಸ್ತ್ರಿಗಳ! ಎರಡನೇ ಪ್ರೂಫ್ ತಂದೀರೇನ?"

ನಾನು ನಡೆದದ್ದನ್ನು ಹೇಳಿದೆ. ಹಪ್ಪಳ, ಲಟ್ಟಣಿಗೆ, ಸ್ನಾನ ಮಾಡಿದ ಇಬ್ಬರು, ನೆಲಕ್ಕೆ ಕುಳಿತ ತಂಗಿ, ಎಲ್ಲವನ್ನೂ. ಅವರು ನಗಬಹುದೆಂದುಕೊಂಡಿದ್ದೆ. ಅವರು ಮೂಲೆ ಹರಿಯುವ ತಮ್ಮ ಬಲಗೈಯ ಎರಡು ಬೆರಳುಗಳನ್ನು ನೋಡಿಕೊಂಡರು.

"ನಮ್ಮಪ್ಪ ಹ್ವಾದಾಗ ನಾ ಟ್ರೇನಿಂಗಿನ್ಯಾಗ ಇದ್ನಿ," ಎಂದರು. "ಕಾರ್ಡ ಬಂತು. ಯಾರ ಕಡೆಯಿಂದೋ ಬರಿಸಿದ್ರು. ಅವ್ವಗ ಓದಾಕ ಬರತಿದ್ದಿಲ್ಲ, ಬರಿಯಾಕ ಬರತಿದ್ದಿಲ್ಲ. ಮೂಲಿ ಅಷ್ಟ ಆಕಿ ಹರದಿದ್ಲು. ನಾ ಒಳಗಿಂದ ಓದಲೇ ಇಲ್ರಿ. ನೇರ ಬಸ್ ಹತ್ತಿದ್ನಿ. ಆವಾಗ ನನಗ ಮೂಲಿ ಓದಾಕ ಬರತಿತ್ತು."

ಎದ್ದು ಒಳಗೆ ಹೋದರು. ತಂಬಾಕಿನ ಡಬ್ಬಿಯನ್ನು ಚಾಪೆಯ ಮೇಲೆ ಸುರುವಿ, ನೂರಾರು ಚೂರುಗಳ ನಡುವೆ ಅರಿಷಿಣದ ಒಂದು ಚೂರನ್ನು ಹುಡುಕಿ ತೆಗೆದರು. ನಾನು ತಂದಿದ್ದ ಕಾರ್ಡಿಗೆ ಅನ್ನದ ಅಗುಳು ಹಿಸುಕಿ ಅಂಟಿಸಿದರು. ಅದೇ ಬಸ್ಸಿನಲ್ಲಿ ನನ್ನೊಂದಿಗೆ ಹೊರಟರು. ದಾರಿಯುದ್ದಕ್ಕೂ ಒಂದು ಫಲಕವನ್ನೂ ಓದಲಿಲ್ಲ.

ನಮ್ಮ ಮನೆಯ ಮುಂದೆ ಅವರು ಹೊಸ್ತಿಲು ದಾಟಲಿಲ್ಲ.

"ಯಾಕ ಹೊರಗ ನಿಂತಿ?" ಎಂದಳು ತಂಗಿ.

"ಕರದ್ರ ಬರ್ತೇನಿ."

ಅವಳು ಕಾರ್ಡು ತೆಗೆದುಕೊಂಡು ಅಂಟಿಸಿದ ಮೂಲೆಯನ್ನು ಹೆಬ್ಬೆರಳಿನಿಂದ ಸವರಿದಳು. "ಎಷ್ಟ ಕೊಟ್ಟೀ?"

"ಹದಿನಾಲ್ಕ."

"ಈಗರ ಪಾಸ ಮಾಡ."

ಭಾವನವರ ಹಣೆಯ ಮೇಲೆ ಬೆವರೊಡೆಯಿತು. ನಾನು ಹಿಂದಿನಿಂದ ಕಣ್ಣುಸನ್ನೆ ಮಾಡಿದೆ, ಕೆಮ್ಮಿದೆ, ಕೈಮುಗಿದೆ. ಮೂವತ್ತೈದು ವರ್ಷದ ಮಾಸ್ತರಿಕೆ ಗೆದ್ದಿತು. "ಮೂಲಿ ಹಚ್ಚಬಹುದ ತಂಗೀ. ಮಾರ್ಕ್ಸ್ ಹಚ್ಚಾಕ ಬರೂದಿಲ್ಲ."

ಅವಳು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಚಹಾ ಬಂತು. ಮದುಮಗಳ ಬೆನ್ನ ಹಿಂದೆ ನಿಲ್ಲಲು ತಾಯಿಯ ಅಪ್ಪಣೆಯೂ ಮಗಳ ಬಾಯಿಂದ ಬಂತು. ಆದರೆ ತಂಗಿಯ ಮಾತು ಬರಲಿಲ್ಲ. ಎಂಟು ದಿನವೂ ಬರಲಿಲ್ಲ.

ಲಗ್ನ ನಿಪ್ಪಾಣಿಯ ಒಂದು ಮಂಗಲ ಕಾರ್ಯಾಲಯದಲ್ಲಿ. ಮಂಟಪದ ಎದುರಿಗೇ, ಗೋಡೆಯಷ್ಟು ಅಗಲದ ಫ್ಲೆಕ್ಸು. ವಧೂವರರ ಚಿತ್ರ, ಸುತ್ತಲೂ ಹೊನ್ನಿನ ಬಣ್ಣದ ಇಂಗ್ಲಿಷ್. ಅದರಲ್ಲಿ ಎಷ್ಟು ತಪ್ಪಿತ್ತೋ ನಾನು ಬಲ್ಲೆನೇ? ಆದರೆ ನಮ್ಮ ಬಳಗದವರೆಲ್ಲ ಒಮ್ಮೆ ಅದನ್ನು ನೋಡುವರು, ಒಮ್ಮೆ ಬಾಗಿಲನ್ನು ನೋಡುವರು. ವರನ ಚಿಕ್ಕಪ್ಪ ಮುಂಜಾಗ್ರತೆಯಾಗಿ ಕಾರ್ಯಾಲಯದ ಏಣಿಯನ್ನು ಕೋಣೆಯಲ್ಲಿಟ್ಟು ಕೀಲಿ ಹಾಕಿಸಿದ್ದರು!

ಭಾವನವರು ತಲೆಗೆ ಜರಿಯ ಪಟಗಾ ಸುತ್ತಿ ಬಂದರು. ಬಾಗಿಲಲ್ಲಿ ನಿಂತು, ಕನ್ನಡಕ ತೆಗೆದು, ಎದೆಯ ಕಿಸೆಯ ಕೆಂಪು ಪೆನ್ನನ್ನೂ ತೆಗೆದು, ಎರಡನ್ನೂ ನನ್ನ ಕೈಯಲ್ಲಿಟ್ಟರು.

"ಹಿಡೀರಿ ಶಾಸ್ತ್ರಿಗಳ. ಇವತ್ತೊಂದಿನ ನಾ ನಮ್ಮವ್ವನಂಗ ಇರ್ತೇನಿ."

ಕನ್ನಡಕವಿಲ್ಲದೆ ಅವರಿಗೆ ತಮ್ಮ ಅಂಗೈಯೂ ಕಾಣುವುದಿಲ್ಲ. ಮದುಮಗಳ ಕೈ ಹಿಡಿದರು, ಎರಡು ಹೆಜ್ಜೆಗೆ ಜಮಖಾನೆ ಎಡವಿದರು, ಮೂರನೆಯದಕ್ಕೆ ಕಂಬದ ಹೂಮಾಲೆಗೆ ಹಣೆ ಹಚ್ಚಿದರು. "ಮಾಮಾ, ಈ ಕಡೆ. ಇಲ್ಲಿ ಮೆಟ್ಟಲ ಐತಿ," ಎಂದು ನನ್ನ ಮಗಳು ಪಿಸುಗುಡುತ್ತ ನಡೆದಳು. ಸೋದರಮಾವ ಮದುಮಗಳನ್ನು ಮಂಟಪಕ್ಕೆ ಕರೆತರುವುದು ಶಾಸ್ತ್ರ. ಇಲ್ಲಿ ಮದುಮಗಳು ಸೋದರಮಾವನನ್ನು ಕರೆತಂದಳು.

ಅಂತರಪಟ ಹಿಡಿದರು. ನನ್ನ ಪಕ್ಕದಲ್ಲಿದ್ದ ಹೆಂಡತಿ ಅಣ್ಣನನ್ನು ನೋಡಿದಳು. ನನ್ನ ಕೈಯಲ್ಲಿದ್ದ ಕನ್ನಡಕವನ್ನು ನೋಡಿದಳು. ಕನ್ನಡಕವನ್ನು ಕಸಿದುಕೊಂಡು, ಸೆರಗಿನಿಂದ ಒರೆಸುತ್ತ ಹೋಗಿ, ತಾನೇ ಅವರ ಕಿವಿಗೆ ಸಿಕ್ಕಿಸಿದಳು.

"ಹಾಕ್ಕೋ ಅಣ್ಣಾ. ತಪ್ಪ ಕಂಡ್ರ ಕಾಣಲಿ. ಹುಡಿಗಿ ಮಾರಿ ಕಾಣಬೇಕ ನಿನಗ."

ಫ್ಲೆಕ್ಸು ಅವರ ಕಣ್ಣೆದುರಿಗೇ ಇತ್ತು. ಸ್ವಲ್ಪ ಹೊತ್ತಿಗೆ ಅವರ ತುಟಿಗಳು ಅಲುಗತೊಡಗಿದವು. ಅಕ್ಷರಗಳನ್ನು ಎಣಿಸುತ್ತಿದ್ದಾರೆಂದು ಹೆದರಿ ನಾನು ಹತ್ತಿರ ಹೋಗಿ ಕಿವಿಗೊಟ್ಟೆ. ಅವರು ನನ್ನ ಮಗಳ ಕಿವಿಯೋಲೆಯ ಅಂಚನ್ನೇ ನೋಡುತ್ತ, ಪುರೋಹಿತರೊಂದಿಗೆ ದನಿಗೂಡಿಸಿ ಮಂಗಲಾಷ್ಟಕ ಹೇಳುತ್ತಿದ್ದರು. ಎರಡು ಕಡೆ ದೀರ್ಘವು ಹ್ರಸ್ವವಾಯಿತು. ಒಂದು ಕಡೆ ಅರ್ಧ ಸಾಲೇ ಜಾರಿತು. ನನ್ನ ಎಡಗಿವಿ ಬಿಸಿಯಾಯಿತು.

ನಾನು ಅಕ್ಷತೆ ಹಾಕಿದೆ.